ಇಸ್ತಾಂಬುಲ್ ತಾಲೀಮು

ಹೊಸ ಮಷಿನ್ನು ನೋಡಾಕ ಮಾಲೀಕ ಮೂರು ದಿನ ಮೊದಲೇ ಹೊಂಟ.
"ಬಟ್ಟೆ ಕತ್ತರಿಸೋಳು ನೀನು, ನೀನೇ ಬಂದು ಮುಟ್ಟಿ ನೋಡಬೇಕು.
ವಿಮಾನ ಇಳಿ, ಟ್ಯಾಕ್ಸಿ ಹಿಡಿ, ಚೀಟಿ ತೋರಿಸು, ಬಾ" ಅಂದ.
ಬಾ ಅನ್ನೋದೇನು, ಬಾಯಿ ಮಾತು.
ನಾನು ಗುಂತಕಲ್ಲು ದಾಟಿದ್ದು ಎರಡೇ ಸಲ,
ಎರಡೂ ಸಲ ಮಣ್ಣಿಗೆ ಹೋಗಾಕ.

ಹೊನ್ನೂರಸ್ವಾಮಿಗೆ ಹೇಳಿದೆ.
ಹತ್ತು ವರ್ಷದಿಂದ ಅವನದೇ ಆಟೋ,
ಮಿಲ್ಲರ್ ಪೇಟೆಯಿಂದ ಕೌಲ್ ಬಜಾರಿಗೆ, ತಿಂಗಳ ಲೆಕ್ಕ.
ಕನ್ನಡಿಯಾಗ ನನ್ನ ಮಾರಿ ನೋಡಿ ನಕ್ಕ:
"ಅದಕ್ಯಾಕ ಅಂಜತಿ ಮಾರೆಕ್ಕ? ತಾಲೀಮು ಮಾಡೋಣು."
ಹರೆಯದಾಗ ಬಯಲಾಟಕ್ಕ ಸಾರಥಿ ಪಾತ್ರ ಹಾಕಿದವ,
ಗೆಜ್ಜೆ ಬಿಚ್ಚಿದರೂ ಕಾಲು ಸುಮ್ಮನಿರಲಿಲ್ಲ.

ರೈಲ್ವೆ ಸ್ಟೇಷನ್ನೇ ವಿಮಾನ ನಿಲ್ದಾಣ ಅಂತಾತು.
ದಾರದ ಕೋನು ತುಂಬಿದ ಚೀಲ ಸೂಟ್‌ಕೇಸು.
ಸಂಜೆ ಏಳಕ್ಕ ಮೆಟ್ಟಿಲಿಳಿದು ಬಂದೆ.
ಅವನು ಗುರುತೇ ಇಲ್ಲದವನಂಗ ತಲೆಗೆ ಟವಲು ಸುತ್ತಿ
ಅತ್ತ ಉರ್ದು ಅಲ್ಲ, ಇತ್ತ ತೆಲುಗು ಅಲ್ಲ, ಏನೋ ಒಂದು ಒದರಿದ.
ನಕ್ಕುಬಿಟ್ಟೆ.
"ನಗಬಾರದು. ನಕ್ಕರ ಡಬಲ್ ರೇಟು."

ಮತ್ತ ಒಳಗ ಹೋಗಿ ಮತ್ತ ಬಂದೆ.
"ತಾವ್ಯಾರು? ತಮ್ಮ ನಾಮಾಂಕಿತವೇನು?
ಈ ಸ್ಥಳಕ್ಕೆ ಬಂದಂಥಾ ಕಾರಣವೇನು?"
ಸಾಲಿನಾಗಿದ್ದ ಆಟೋದವರೆಲ್ಲ ಭಲಾ ಸಾರಥಿ ಅಂತ ಸಿಳ್ಳೆ ಹೊಡೆದರು.

ಚೀಟಿ ತೋರಿಸು, ಕೈಗೆ ಕೊಡಬ್ಯಾಡ.
ಮೀಟರು ಹಾಕು ಅನ್ನು; ಭಾಷೆ ಬರದಿದ್ದರ ಬೆರಳು ಬರತೈತಿ.
"ಒಳಗ ನಿಂತು ಕರೆಯೋರ ಹಿಂದ ಮಾತ್ರ ಹೋಗಬ್ಯಾಡ" ಅಂದ,
ಹದಿನೈದು ವರ್ಷ ಸ್ಟೇಷನ್ ಒಳಗೇ ನಿಂತು ಕರೆದವ.
"ಮತ್ತ ನಿನ್ನ ಮೀಟರು?" ಅಂದೆ.
ಅದು ಸತ್ತು ಯಾವ ಕಾಲಾತೋ,
ಮ್ಯಾಲೆ ದುರ್ಗಮ್ಮನ ಫೋಟೋ ಅಂಟಿಸಿದ್ದ.
"ನಮ್ಮ ದೇಶ ಬ್ಯಾರೆ" ಅಂದ.

ನೋಟಿಗೆ ಜೀನ್ಸಿನ ಸೈಜ್ ಲೇಬಲ್ಲು.
ಮೂವತ್ತೆರಡು ಕೊಟ್ಟರ ಮೂವತ್ತಾರು ಕೇಳಿದ,
ಬೈದಾಡಿ ಮೂವತ್ನಾಕಕ್ಕ ತೀರಿತು.

ಮೂರನೇ ದಿನ ಮೋಸ ಕಲಿಸಿದ.
ಯಾವ್ಯಾವುದೋ ಸಂದಿ ಹೊಕ್ಕು ಹೊರಳಿಸಿ ಹೊರಳಿಸಿ ಒಯ್ದ.
ಕತ್ತಲಾಗ ಕೋಟೆಗುಡ್ಡ,
ಬಲಕ್ಕಿರಬೇಕಾದದ್ದು ಎಡಕ್ಕ ಬಂತು.
"ನಿಲ್ಲಸೋ! ಗುಡ್ಡ ಎಡಕ್ಕೈತಿ!"
ಬ್ರೇಕು ಹಾಕಿ ಹಿಂದ ತಿರುಗಿ ಕೈ ಮುಗಿದ.
"ಪಾಸಾದಿ ಬಿಡವ್ವಾ."
ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗ:
"ಅಲ್ಲಾ, ಆ ಊರಾಗ ಗುಡ್ಡ ಇರತೈತೇನು?"
ಇಬ್ಬರಿಗೂ ಗೊತ್ತಿರಲಿಲ್ಲ.

ಹೋಗಿ ಬಂದೆ. ಎಂಟು ದಿನ.

ಬ್ಯಾರೆ ಬಾಡಿಗೆ ಬಿಟ್ಟು ಸ್ಟೇಷನ್ ಹೊರಗ ಕಾದಿದ್ದ.
ಚೀಲ ಇಡೋ ಮೊದಲೇ: "ಎಷ್ಟು ಸುತ್ತಿಸಿದ? ಎಲ್ಲಿ ಹಿಡಿದಿ?"
ಸುತ್ತಿಸಲಿಲ್ಲೋ ಹೊನ್ನೂರಸ್ವಾಮಿ.
ಚೀಟಿ ಓದಿ ತಲೆ ಆಡಿಸಿದ, ಮೀಟರು ತಾನೇ ಹಾಕಿದ.
ಮುಕ್ಕಾಲು ತಾಸು, ಒಂದು ಮಾತಿಲ್ಲ.
ಚಿಲ್ಲರೆ ಎಣಿಸಿ ಅಂಗೈಯಾಗಿಟ್ಟ.
"ಅಷ್ಟೇನಾ?"
ಅಷ್ಟೇ.
ಕನ್ನಡಿಯಾಗ ಅವನ ಮಾರಿ ಇಳೀತು,
ಮಾತು ಬಾಯಿಪಾಠ ಮಾಡಿ ಕುಂತಾಗ ಆಟ ರದ್ದಾದಂಗ.

ಒಂದು ಮಾತ್ರ ಹೇಳಲಿಲ್ಲ.
ಆ ಹಿಂದಿನ ಸೀಟಿನಾಗ ಚೀಟಿ ಮುದುರಿ ಹಿಡಿದು
ಎಡಕ್ಕೂ ಬಲಕ್ಕೂ ಗುಡ್ಡ ಹುಡುಕುವಾಗ,
ಎದೆ ಸೂಜಿಯಂಗ ಮ್ಯಾಲೆ ಕೆಳಗ ಹೊಡೆಯುವಾಗ,
ಡ್ರೈವರನ ಅಂಗಿ ಕಾಲರು ಕಣ್ಣಿಗೆ ಬಿತ್ತು.
ಸವೆದ ಕಾಲರು. ಬಿಚ್ಚಿ, ತಿರುವಿ, ಮತ್ತ ಹೊಲಿದದ್ದು.
ಕೈಹೊಲಿಗಿ. ದಾರ ಬಟ್ಟೆಗಿಂತ ತುಸು ಜಾಸ್ತಿ ನೀಲಿ,
ಮೂಲ್ಯಾಗ ಎರಡು ಗಂಟು,
ಕತ್ತರಿ ಹಿಡಿದಿಲ್ಲ, ಹಲ್ಲಿಂದ ಕಡಿದಾರ.
ಆಮ್ಯಾಲೆ ನಾನು ಗುಡ್ಡ ಹುಡುಕಲಿಲ್ಲ.

ರಾಯಲ್ ಸರ್ಕಲ್ಲಿನಾಗ ಸಿಗ್ನಲ್ಲು.
ಮುಂದಿದ್ದ ಖಾಕಿ ಕಾಲರು ನೋಡಿದೆ,
ಹತ್ತು ವರ್ಷಕ್ಕ ಮೊದಲ ಸಲ.
ಮಡಿಕೆಗುಂಟ ಹರಿದು ಒಳಗಿನ ಬಕ್ರಂ ಕಾಣತಿತ್ತು.
"ನಾಳೆ ಆ ಅಂಗಿ ತಂದುಕೊಡು."
"ಇದಾ? ಇನ್ನೂ ಒಂದು ವರ್ಷ ಬರತೈತಿ ಬಿಡಕ್ಕ" ಅಂದ.
"ತಿರುವಿದರ ಮೂರು" ಅಂದೆ.